ತರಬೇತಿ ಉಚಿತ, ತಿಂಗಳ ಅಕ್ಕಿ ಯಾರದು?

ಉಚಿತ ತರಬೇತಿ, ಉಚಿತ ಊಟ, ಉಚಿತ ವಸತಿ. ಆಸಕ್ತರು ಆಧಾರ್ ಕಾರ್ಡ್, ಪಡಿತರ ಚೀಟಿ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಯೊಂದಿಗೆ ಅರ್ಜಿ ಸಲ್ಲಿಸಬಹುದು. ಜಿಲ್ಲಾ ಪತ್ರಿಕೆಗಳ ಒಳಪುಟದ ಮೂಲೆಯಲ್ಲಿ ಇಂತಹ ನಾಲ್ಕು ಸಾಲಿನ ಪ್ರಕಟಣೆಗಳನ್ನು ನಾವೆಲ್ಲರೂ ಕಂಡಿರುತ್ತೇವೆ. ಕಂಡು ಪುಟ ತಿರುಗಿಸಿರುತ್ತೇವೆ. ಅದು ನಿರುದ್ಯೋಗಿ ಹುಡುಗರಿಗೆ ಸಂಬಂಧಿಸಿದ್ದು ಎಂದು ಮನೆಯ ಯಜಮಾನ ಭಾವಿಸುತ್ತಾನೆ. ಅದರಿಂದ ಕೆಲಸ ಸಿಗುವುದಿಲ್ಲ, ಸರ್ಟಿಫಿಕೇಟ್ ಮಾತ್ರ ಸಿಗುತ್ತದೆ ಎಂದು ಹುಡುಗ ಭಾವಿಸುತ್ತಾನೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಆ ಪ್ರಕಟಣೆ ಯಾರಿಗೆ ಅತ್ಯಂತ ಅಗತ್ಯವೋ ಅಂತಹ ಮೂರನೆಯ ವ್ಯಕ್ತಿಯೊಬ್ಬನಿದ್ದಾನೆ. ಆತನ ಬಗ್ಗೆ ಸರಕಾರವೂ ಮಾತಾಡುವುದಿಲ್ಲ, ಸಮುದಾಯವೂ ಮಾತಾಡುವುದಿಲ್ಲ.

ಆತನಿಗೆ ಮೂವತ್ತೆಂಟು ವರ್ಷ ಎಂದಿಟ್ಟುಕೊಳ್ಳಿ. ಊರು ಸಕಲೇಶಪುರ, ಇಲ್ಲವೇ ಬಾಳ್ಳುಪೇಟೆ, ಇಲ್ಲವೇ ಆಲೂರು. ಹತ್ತು ವರ್ಷ ಸೌದಿಯಲ್ಲಿ ವಾಹನ ಓಡಿಸಿ 2020ರ ಕೋವಿಡ್ ಕಾಲದಲ್ಲಿ ಬರಿಗೈಯಲ್ಲಿ ಮರಳಿದವನಿರಬಹುದು. ಜಾತ್ರೆಯಿಂದ ಜಾತ್ರೆಗೆ ಬಳೆ, ಆಟಿಕೆ, ಮಿಠಾಯಿ ಹೊತ್ತು ತಿರುಗುತ್ತಿದ್ದು, 2022ರ ಬೇಸಿಗೆಯಲ್ಲಿ ರಾಜ್ಯದ ಹಲವೆಡೆ ದೇವಾಲಯದ ಜಾತ್ರೆಗಳಿಂದ ಮುಸ್ಲಿಮ್ ವ್ಯಾಪಾರಿಗಳನ್ನು ದೂರವಿಟ್ಟಾಗ ಗಂಟುಮೂಟೆ ಕಟ್ಟಿದವನಿರಬಹುದು. ಮರದ ಲಾರಿಯ ಜೊತೆ ಸುತ್ತುತ್ತಿದ್ದವನಿರಬಹುದು. ಅಥವಾ ಕಾಡಾನೆಗಳ ಭಯದಿಂದ ನಸುಕಿನ ತೋಟದ ಕೆಲಸವನ್ನೇ ಬಿಟ್ಟವನಿರಬಹುದು. 2013-14ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆ ಬಳಿಕವೂ ಅಲ್ಲಿಯ ಜನರಿಗೆ ಮುಂಜಾನೆಯ ನಡಿಗೆ ನೆಮ್ಮದಿಯದ್ದಾಗಲಿಲ್ಲ ಎಂಬುದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಕಾರಣ ಯಾವುದೇ ಇರಲಿ, ಈತನ ಹಳೆಯ ಬದುಕು ಮುಚ್ಚಿಹೋಗಿದೆ. ಹೊಸ ಕಸುಬೊಂದು ಬೇಕಾಗಿದೆ. ಮನೆಯಲ್ಲಿ ಪತ್ನಿ, ಮೂರು ಮಕ್ಕಳು, ಕಾಯಿಲೆಯ ತಾಯಿ. ಸದ್ಯ ಸಿಕ್ಕಿದ ಕಡೆ ಕೂಲಿ. ದಿನಕ್ಕೆ 700 ರೂಪಾಯಿ ಸಿಕ್ಕಿದರೆ ಅದು ಒಳ್ಳೆಯ ದಿನ.

ಈತನ ಕೈಗೆ ಆ ಪ್ರಕಟಣೆಯನ್ನು ಕೊಡಿ. ಹಾಸನದಲ್ಲಿ ಮೋಟಾರು ರಿವೈಂಡಿಂಗ್ ಮತ್ತು ಪಂಪ್‌ಸೆಟ್ ದುರಸ್ತಿ ತರಬೇತಿ, 30 ದಿನ, ಎಲ್ಲವೂ ಉಚಿತ. ಆತ ಓದುತ್ತಾನೆ ಮತ್ತು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ತಿಂಗಳಿಗೆ 26 ದಿನದ ಕೂಲಿ, ದಿನಕ್ಕೆ 700ರಂತೆ 18,200 ರೂಪಾಯಿ. ತರಬೇತಿ ಕೇಂದ್ರದಲ್ಲಿ ಆತನಿಗೆ ಊಟ ಸಿಗುತ್ತದೆ. ಮನೆಯಲ್ಲಿ ಉಳಿದ ಐವರಿಗೆ? ಪ್ರಕಟಣೆಯಲ್ಲಿ ಇದಕ್ಕೆ ಉತ್ತರವಿಲ್ಲ. ಆತ ಪತ್ರಿಕೆಯನ್ನು ಮಡಚಿಟ್ಟು ಮರುದಿನ ಬೆಳಿಗ್ಗೆ ಕೂಲಿಗೆ ಹೋಗುತ್ತಾನೆ. ಆತನನ್ನು ಸೋಮಾರಿ ಎನ್ನಬೇಕೇ? ಸರಕಾರ ಇಷ್ಟೆಲ್ಲ ಕೊಟ್ಟರೂ ನಮ್ಮವರು ಬಳಸಿಕೊಳ್ಳುವುದಿಲ್ಲ ಎಂದು ವೇದಿಕೆಯಲ್ಲಿ ಭಾಷಣ ಮಾಡುವವರು ಈ ಲೆಕ್ಕವನ್ನು ಎಂದಾದರೂ ಹಾಕಿದ್ದಾರೆಯೇ?

ಉಚಿತ ಎಂಬ ಪದವನ್ನು ನಾವು ಬಹಳ ಸಡಿಲವಾಗಿ ಬಳಸುತ್ತೇವೆ. ಹದಿನೆಂಟರ ಹುಡುಗನಿಗೆ ಶುಲ್ಕವಿಲ್ಲದ ತರಬೇತಿ ಉಚಿತವೇ. ಏಕೆಂದರೆ ಆತನ ಅನ್ನ ತಂದೆಯ ಹೆಗಲ ಮೇಲಿದೆ. ಮೂವತ್ತೆಂಟರ ತಂದೆಗೆ ಅದೇ ತರಬೇತಿಯ ಬೆಲೆ ಹದಿನೆಂಟು ಸಾವಿರ.

ಈ ತರಬೇತಿ ಸಂಸ್ಥೆಗಳ ಮೂಲ ಸಕಲೇಶಪುರಕ್ಕೆ ದೂರದ್ದೇನಲ್ಲ. ಶಿರಾಡಿ ಘಾಟಿಯನ್ನಿಳಿದು ಧರ್ಮಸ್ಥಳದ ಕಡೆ ಹೊರಳಿದರೆ ಸಿಗುವ ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳು ಜೊತೆಗೂಡಿ ಕಟ್ಟಿದ ಸಂಸ್ಥೆಯಿದು. ಕೆಲವೇ ವಾರಗಳ ವಸತಿ ಸಹಿತ ತರಬೇತಿ, ಕೈಕೆಲಸದ ಜೊತೆಗೆ ಲೆಕ್ಕಪತ್ರ ಮತ್ತು ಮಾರುಕಟ್ಟೆಯ ಪಾಠ, ಆ ಬಳಿಕ ಬ್ಯಾಂಕ್ ಸಾಲಕ್ಕೆ ನೆರವು, ಮುಂದಿನ ಎರಡು ವರ್ಷ ಬೆನ್ನ ಹಿಂದೆ ನಿಂತು ವಿಚಾರಣೆ. ಈ ಕ್ರಮವೆಷ್ಟು ಪರಿಣಾಮಕಾರಿಯಾಯಿತೆಂದರೆ 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯಲ್ಲಿ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ತೆರೆಯಲು ಬ್ಯಾಂಕುಗಳಿಗೆ ಸೂಚಿಸಿತು. ಹಾಸನದಲ್ಲಿಯೂ ಇಂತಹ ಸಂಸ್ಥೆಯಿದೆ. ದ್ವಿಚಕ್ರ ವಾಹನ ದುರಸ್ತಿ, ಮೊಬೈಲ್ ದುರಸ್ತಿ, ಹೊಲಿಗೆ, ಹೈನುಗಾರಿಕೆ, ಸಿಸಿಟಿವಿ ಅಳವಡಿಕೆ, ಫ್ರಿಜ್ ಮತ್ತು ಎಸಿ ರಿಪೇರಿ ಮುಂತಾದ ತರಬೇತಿಗಳು ಇಂತಹ ಸಂಸ್ಥೆಗಳಲ್ಲಿ ನಡೆಯುತ್ತವೆ. ಯಾರ ಜಾತಿ, ಧರ್ಮವನ್ನೂ ಕೇಳಿ ಬಾಗಿಲು ಮುಚ್ಚುವ ವ್ಯವಸ್ಥೆ ಇದಲ್ಲ. ಗ್ರಾಮೀಣ ಬಡ ಕುಟುಂಬಗಳಿಗೆ ಆದ್ಯತೆಯಿದೆ, ಅಷ್ಟೇ. ಇದರ ಬಗ್ಗೆ ನಮ್ಮ ಮಸೀದಿ ಆಡಳಿತ ಸಮಿತಿಗಳಲ್ಲಿ ಎಷ್ಟರಲ್ಲಿ ಮಾಹಿತಿಯಿದೆ? ಈ ಪ್ರಶ್ನೆಯನ್ನು ಕೇಳಲೇಬೇಕು.

ಆದರೂ ಈ ವ್ಯವಸ್ಥೆಯನ್ನು ರೂಪಿಸಿದವರ ಕಣ್ಣ ಮುಂದೆ ಇದ್ದದ್ದು ಯುವಕ. ಮಧ್ಯವಯಸ್ಸಿನಲ್ಲಿ ದಾರಿ ಬದಲಿಸಬೇಕಾದವನಲ್ಲ. ಈ ಸಂಸ್ಥೆಗಳಿಗೆ ಬಹುಕಾಲ 45 ವರ್ಷವೇ ಮೇಲ್ಮಿತಿಯಾಗಿತ್ತು. ಗ್ರಾಮೀಣ ಯುವಕರಿಗೆ ಕೆಲಸ ಕೊಡಿಸಲೆಂದು 2014ರಲ್ಲಿ ಆರಂಭವಾದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ಅಲ್ಪಸಂಖ್ಯಾತರಿಗೆ ಶೇ. 15ರಷ್ಟು ಪಾಲನ್ನು ಮೀಸಲಿಟ್ಟದ್ದೇನೋ ಮೆಚ್ಚತಕ್ಕದ್ದೇ. ಆದರೆ ಸಾಮಾನ್ಯ ವಯೋಮಿತಿ 35. ಅಂದರೆ ಮೂವತ್ತಾರನೆಯ ಹುಟ್ಟುಹಬ್ಬದಂದು ಮನುಷ್ಯನ ಕಲಿಕೆ ಮುಗಿಯುತ್ತದೆ ಎಂದು ಸರಕಾರ ತಿಳಿದುಕೊಂಡಂತಿದೆ!

ಈ ವಿಷಯದಲ್ಲಿ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನ ಮಂತ್ರಿ ವಿಶ್ವಕರ್ಮ ಯೋಜನೆಯನ್ನು ಪ್ರತ್ಯೇಕವಾಗಿ ಉಲ್ಲೇಖಿಸಬೇಕು. ಅದನ್ನು ತಂದ ಪಕ್ಷದೊಂದಿಗೆ ನಮಗಿರುವ ಭಿನ್ನಾಭಿಪ್ರಾಯ ಗುಟ್ಟಿನದ್ದಲ್ಲ. ಆದರೆ ಸರಿಯನ್ನು ಸರಿ ಎನ್ನಲು ಅದು ಅಡ್ಡಿಯಾಗಬಾರದು. ಐದರಿಂದ ಏಳು ದಿನಗಳ ಮೂಲ ತರಬೇತಿ, ಬೇಕಾದವರಿಗೆ ಹದಿನೈದು ದಿನ ಅಥವಾ ಹೆಚ್ಚಿನ ಅವಧಿಯ ಮುಂದುವರಿದ ತರಬೇತಿ. ಈ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ತೆ. ಉಪಕರಣಕ್ಕೆ 15,000 ರೂಪಾಯಿ. ಬಳಿಕ ಶೇ. 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆನಂತರ ಎರಡು ಲಕ್ಷದ ವರೆಗೆ ಸಾಲ. ಕಲಿಯುವವನ ದಿನಕ್ಕೂ ಒಂದು ಬೆಲೆಯಿದೆ ಎಂದು ಈ ಯೋಜನೆ ಒಪ್ಪಿಕೊಂಡಿದೆ. ಅದು ದೊಡ್ಡ ವಿಷಯ.

ಸಮಸ್ಯೆ ಇರುವುದು ಅದರ ಪಟ್ಟಿಯಲ್ಲಿ. ಬಡಗಿ, ಕಮ್ಮಾರ, ಅಕ್ಕಸಾಲಿಗ, ಕುಂಬಾರ, ಚಮ್ಮಾರ, ಗಾರೆ ಕೆಲಸದವರು, ಕ್ಷೌರಿಕ, ಅಗಸ, ದರ್ಜಿ, ಬುಟ್ಟಿ ಹೆಣೆಯುವವರು, ಹೂಮಾಲೆ ಕಟ್ಟುವವರು, ಬೀಗ ತಯಾರಿಸುವವರು ಹೀಗೆ ಒಟ್ಟು 18 ಕಸುಬುಗಳು ಅದರಲ್ಲಿವೆ. ಕಮ್ಮಾರನಿದ್ದಾನೆ, ಆದರೆ ಕಮ್ಮಾರನ ಕುಲುಮೆ ಆರಿದ ಬಳಿಕ ಆತನ ಜಾಗಕ್ಕೆ ಬಂದ ವೆಲ್ಡರ್ ಇಲ್ಲ. ಬೀಗದವನಿದ್ದಾನೆ, ಎಲೆಕ್ಟ್ರಿಷಿಯನ್ ಇಲ್ಲ. ದೋಣಿ ಕಟ್ಟುವವನಿದ್ದಾನೆ, ಲಾರಿ ಮೆಕ್ಯಾನಿಕ್ ಇಲ್ಲ. ತಲೆಮಾರಿನಿಂದ ಬಂದ ಕಸುಬನ್ನು ಉಳಿಸುವುದು ಈ ಯೋಜನೆಯ ಉದ್ದೇಶವೆಂಬುದನ್ನು ಒಪ್ಪೋಣ. ಆದರೆ ತಲೆಮಾರಿನ ಕಸುಬು ಕೈಬಿಟ್ಟು ಹೊಸತರ ಹೊಸ್ತಿಲಲ್ಲಿ ನಿಂತವನಿಗೆ ಆ 500 ರೂಪಾಯಿ ಯಾಕೆ ಬೇಡ? ಅಪ್ಪನ ಕಸುಬನ್ನೇ ಮಾಡುವವನಿಗೆ ಭತ್ತೆ, ಬೇರೆ ಕಸುಬಿಗೆ ಹೊರಟವನಿಗೆ ಬರಿಯ ಊಟ ಎಂಬ ಈ ವ್ಯತ್ಯಾಸದಲ್ಲಿ ಹಳೆಯ ಜಾತಿ ವ್ಯವಸ್ಥೆಯ ವಾಸನೆ ಇದೆ ಎಂದರೆ ತಪ್ಪಾಗಲಾರದು.

ದೂರದ ಸಿಂಗಾಪುರ ಶ್ರೀಮಂತ ರಾಷ್ಟ್ರ, ಅದರೊಂದಿಗೆ ಹೋಲಿಸಬಾರದು ಎಂಬ ಆಕ್ಷೇಪವನ್ನು ಮೊದಲೇ ಒಪ್ಪಿಕೊಂಡು ಹೇಳುವುದಾದರೆ, ಅಲ್ಲಿಯ ಸರಕಾರ 2024ರಲ್ಲಿ ನಲವತ್ತು ದಾಟಿದ ಪ್ರತಿಯೊಬ್ಬ ಪ್ರಜೆಯ ಕಲಿಕೆಯ ಖಾತೆಗೆ 4,000 ಸಿಂಗಾಪುರ ಡಾಲರ್ ಸೇರಿಸಿತು. 2025ರಿಂದ, ಕೆಲಸ ಬಿಟ್ಟು ಪೂರ್ಣಾವಧಿ ತರಬೇತಿಗೆ ಸೇರುವ ಈ ವಯಸ್ಸಿನವರಿಗೆ ಅವರ ಹಿಂದಿನ ಆದಾಯದ ಅರ್ಧದಷ್ಟನ್ನು, ತಿಂಗಳಿಗೆ 3,000 ಡಾಲರ್ ಮೀರದಂತೆ, ಭತ್ತೆಯಾಗಿ ಕೊಡುತ್ತಿದೆ. ಮೊತ್ತವನ್ನು ಬಿಟ್ಟುಬಿಡಿ, ಆಲೋಚನೆಯನ್ನು ನೋಡಿ. ನಡುವಯಸ್ಸಿನವನನ್ನು ಕಲಿಯದಂತೆ ತಡೆಯುವುದು ಶುಲ್ಕವಲ್ಲ, ಮನೆಯ ಖರ್ಚು ಎಂಬುದನ್ನು ಅವರು ಅರ್ಥ ಮಾಡಿಕೊಂಡಿದ್ದಾರೆ. ಆಲೂರಿನ ಕೂಲಿಯವನ ಸಂಕಟವೂ ಅದೇ.

ನಮ್ಮಲ್ಲಿ ಹಣವೇ ಇರಲಿಲ್ಲ ಎನ್ನುವಂತೆಯೂ ಇಲ್ಲ. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕೌಶಲ್ಯ ವಿಕಾಸ ಯೋಜನೆಗೆ ಸಾವಿರಾರು ಕೋಟಿ ಹರಿದಿದೆ. ಅದು ಎಲ್ಲಿಗೆ ಹರಿಯಿತು ಎಂಬುದಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಮಹಾಲೇಖಪಾಲರ ವರದಿಯನ್ನು ನೋಡಬೇಕು. ಬಹುಪಾಲು ಫಲಾನುಭವಿಗಳ ಬ್ಯಾಂಕ್ ಖಾತೆಯ ಸಂಖ್ಯೆ ಇರಬೇಕಾದ ಕಡೆ ಸೊನ್ನೆಗಳು ಅಥವಾ ಖಾಲಿ ಜಾಗ. ಒಂದೇ ಭಾವಚಿತ್ರ ಹಲವು ಹೆಸರುಗಳ ಮುಂದೆ. ತರಬೇತಿ ಪಡೆದವರೆಷ್ಟು ಎಂದು ಎಣಿಸಿದರೆ ಸಂಸ್ಥೆಗೆ ಹಣ ಸಿಗುತ್ತದೆ, ಎರಡು ವರ್ಷದ ಬಳಿಕ ಅದೇ ಕಸುಬಿನಲ್ಲಿ ಉಳಿದವರೆಷ್ಟು ಎಂದು ಎಣಿಸುವವರಿಲ್ಲ ಎಂದಾದರೆ ಹೀಗಾಗದೆ ಇನ್ನೇನಾದೀತು? ಉಜಿರೆಯ ಮಾದರಿ ಆ ಎರಡು ವರ್ಷವನ್ನು ಎಣಿಸುತ್ತದೆ. ಅದರ ಹಿರಿಮೆ ಇರುವುದು ಅಲ್ಲಿ.

ಅಲ್ಪಸಂಖ್ಯಾತ ಸಚಿವಾಲಯದ ಯೋಜನೆಗಳ ಕಥೆಯೂ ಬೇರೆಯಲ್ಲ. 2013ರಲ್ಲಿ ‘ಸೀಖೋ ಔರ್ ಕಮಾವೋ’ ಬಂತು. 2015ರ ಆಗಸ್ಟ್‌ನಲ್ಲಿ ‘ನಯೀ ಮಂಝಿಲ್’ ಬಂತು. ಶಾಲೆಯನ್ನು ಅರ್ಧಕ್ಕೆ ಬಿಟ್ಟವರಿಗೆ ಮತ್ತು ಮದ್ರಸದಲ್ಲಿ ಕಲಿತವರಿಗೆ ಎಂಟನೆಯ ಅಥವಾ ಹತ್ತನೆಯ ತರಗತಿಗೆ ಸಮನಾದ ಪ್ರಮಾಣಪತ್ರ ಮತ್ತು ಕೈಕಸುಬು ಎರಡನ್ನೂ ಒಟ್ಟಿಗೆ ಕೊಡುವ ಯೋಜನೆಯಿದು. ಅರ್ಜಿ ನಮೂನೆಯಲ್ಲಿ ‘ವಿದ್ಯಾರ್ಹತೆ’ ಎಂಬ ಜಾಗದ ಮುಂದೆ ಪೆನ್ನು ಹಿಡಿದು ನಿಂತ ಅನುಭವವಿರುವ ಮದ್ರಸ ಪದವೀಧರರಿಗೆ ಇದರ ಮಹತ್ವ ಗೊತ್ತಿರುತ್ತದೆ. ಎಂಟು ವರ್ಷ ಅರಬಿ ವ್ಯಾಕರಣ, ತರ್ಕಶಾಸ್ತ್ರ, ಫಿಕ್‌ಹ್ ಕಲಿತವನನ್ನು ಆ ನಮೂನೆ ಅನಕ್ಷರಸ್ಥ ಎಂದು ಪರಿಗಣಿಸುತ್ತದೆ. ಈ ಎರಡು ಯೋಜನೆಗಳೂ ಇನ್ನು ಕೆಲವು ಯೋಜನೆಗಳೂ ಆನಂತರ ‘ಪಿಎಂ ವಿಕಾಸ್’ ಎಂಬ ಒಂದೇ ಹೆಸರಿನೊಳಗೆ ಸೇರಿಕೊಂಡವು. ಹೆಸರು ಬದಲಾಗುವ ವೇಗದಲ್ಲಿ ಮಾಹಿತಿ ಹಳ್ಳಿಗೆ ತಲುಪುವುದಿಲ್ಲ. ಹಾನುಬಾಳಿನವನು ಹಳೆಯ ಹೆಸರನ್ನು ಕೇಳಿಕೊಂಡು ಕಚೇರಿಗೆ ಹೋಗುವಾಗ ಅದು ಮುಗಿದಿರುತ್ತದೆ.

2006ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ ಕೊಟ್ಟ ವರದಿಯನ್ನು ಮೀಸಲಾತಿಯ ಚರ್ಚೆಗಷ್ಟೇ ನಾವು ಬಳಸಿಕೊಂಡೆವು. ಅದರಲ್ಲೊಂದು ಅಂಕಿ ಅಂಶವಿದೆ. ನಗರ ಪ್ರದೇಶದ ಮುಸ್ಲಿಮ್ ದುಡಿಮೆಗಾರರಲ್ಲಿ ಶೇ. 57 ಮಂದಿ ಸ್ವಂತ ದುಡಿಮೆಯವರು, ಹಿಂದೂಗಳಲ್ಲಿ ಇದು ಶೇ. 43. ಅಂದರೆ ನಮ್ಮವರಿಗೆ ಸಂಬಳದ ನೌಕರಿಗಿಂತ ಅಂಗಡಿ, ಗ್ಯಾರೇಜು, ತಳ್ಳುಗಾಡಿ, ಹೊಲಿಗೆ ಯಂತ್ರಗಳೇ ಆಸರೆ. ಸ್ವಂತ ದುಡಿಮೆಯವನಿಗೆ ರಾಜೀನಾಮೆ ಇಲ್ಲ, ನಿವೃತ್ತಿ ವೇತನ ಇಲ್ಲ, ಕೆಲಸ ಹೋಯಿತು ಎಂಬುದಕ್ಕೆ ಪತ್ರವೂ ಇಲ್ಲ. ಒಂದು ದಿನ ವ್ಯಾಪಾರ ನಿಲ್ಲುತ್ತದೆ, ಅಷ್ಟೇ. ಆದ್ದರಿಂದ ಕಸುಬು ಬದಲಿಸುವವರಿಗೆ ತರಬೇತಿ ಎಂಬುದು ಬೇರೆಯವರಿಗಿಂತ ಈ ಸಮುದಾಯಕ್ಕೆ ಹೆಚ್ಚು ಹತ್ತಿರದ ವಿಷಯ.

ಇನ್ನು ಮಲೆನಾಡಿನ ವಿಪರ್ಯಾಸವನ್ನು ನೋಡಿ. 2024-25ರಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೇರಿತು. ತೋಟದಲ್ಲಿ ಜನ ಸಾಲದೆ ಅಸ್ಸಾಮಿನಿಂದ ಕಾರ್ಮಿಕರನ್ನು ಕರೆತರಲಾಗುತ್ತಿದೆ. ಅದೇ ವೇಳೆ ಸಕಲೇಶಪುರದ ಹುಡುಗರು ಬೆಂಗಳೂರಿನಲ್ಲಿ ಊಟದ ಪೊಟ್ಟಣ ತಲುಪಿಸಲು ಹೋಗುತ್ತಿದ್ದಾರೆ. ಈ ಬೆಟ್ಟಗಳಲ್ಲಿ ಕೆಲಸವಿಲ್ಲ ಎಂಬುದು ಸುಳ್ಳು. ಕೈಚಳಕ ಬೇಡುವ ಕೆಲಸ ಬೇಕಾದಷ್ಟಿದೆ. ಕಾಫಿ ಹಣ್ಣಿನ ಪಲ್ಪರ್, ಕಳೆ ಕೊಚ್ಚುವ ಯಂತ್ರ, ಔಷಧಿ ಸಿಂಪಡಿಸುವ ಯಂತ್ರ, ನೀರೆತ್ತುವ ಮೋಟಾರು, ಆನೆ ತಡೆಯುವ ಸೋಲಾರ್ ಬೇಲಿ ಇವೆಲ್ಲ ಕೆಡುತ್ತವೆ. ಕೆಡುವುದೂ ಕೆಲಸದ ಭರಾಟೆಯ ದಿನಗಳಲ್ಲೇ. ಮರಗಸಿ ಮಾಡುವುದಕ್ಕೆ, ಏಣಿ ಹತ್ತಿ ಕಾಳುಮೆಣಸು ಕೊಯ್ಯುವುದಕ್ಕೆ ನುರಿತವರು ಬೇಕು. ಹೆತ್ತೂರು, ಯಸಳೂರು ಕಡೆಯ ಹೋಮ್‌ಸ್ಟೇಗಳಿಗೆ ಅಡುಗೆಯವರು, ಚಾಲಕರು, ಕೊಳಾಯಿ ಕೆಲಸದವರು ಬೇಕು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಸಕಲೇಶಪುರದ ಪಕ್ಕದ ದೋಣಿಗಾಲಿನಲ್ಲಿ ಸಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಕೇಂದ್ರವಿದೆ. ಕಾಫಿಯನ್ನು ಹುರಿಯುವ, ರುಚಿ ನೋಡಿ ದರ್ಜೆ ಹೇಳುವ ವಿದ್ಯೆಯನ್ನು ಕಾಫಿ ಮಂಡಳಿಯವರು ಬೆಂಗಳೂರಿನಲ್ಲಿ ಕಲಿಸುತ್ತಾರೆ. ಕಾಫಿ ಬೆಳೆಯುವ ಊರಿನವನು ಕಾಫಿಯ ರುಚಿ ನೋಡಲು ಕಲಿಯಬೇಕಾದರೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಪ್ರಯಾಣಿಸಬೇಕು! ಸಕಲೇಶಪುರದಲ್ಲಿ ಒಂದು ಬಾಡಿಗೆ ಕಟ್ಟಡ ಮತ್ತು ವಾರಕ್ಕೆ ಮೂರು ದಿನ ಬರುವ ಇಬ್ಬರು ತರಬೇತುದಾರರು ಸಿಕ್ಕಿದರೆ ಇದರಲ್ಲಿ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಸಂಜೆಯ ತರಗತಿ ನಡೆಸಿದರೆ ಕೂಲಿಯನ್ನೂ ಕಳೆದುಕೊಳ್ಳಬೇಕಾಗಿಲ್ಲ. ಶಾಸಕರು ಮನಸ್ಸು ಮಾಡಿದರೆ ಇದು ಒಂದು ಪತ್ರದ ಕೆಲಸ.

ಕಲಿತಾಗಿದೆ, ಕಾಗದವಿಲ್ಲ ಎಂಬವರ ಸಂಖ್ಯೆಯೂ ಕಡಿಮೆಯಲ್ಲ. ದೇಶದ 15ರಿಂದ 29 ವಯಸ್ಸಿನವರಲ್ಲಿ ವಿಧಿವತ್ತಾದ ವೃತ್ತಿ ತರಬೇತಿ ಪಡೆದವರು ಕೇವಲ ಶೇ. 4.4, ಅನೌಪಚಾರಿಕವಾಗಿ ಕಲಿತವರು ಶೇ. 16.6 ಎಂದು 2023-24ರ ಆರ್ಥಿಕ ಸಮೀಕ್ಷೆಯೇ ಹೇಳಿದೆ. ಹನ್ನೆರಡನೆಯ ವಯಸ್ಸಿಗೆ ಗ್ಯಾರೇಜಿಗೆ ಸೇರಿ ಉಸ್ತಾದನ ಬೈಗುಳ ತಿಂದು ಎಂಜಿನ್ ಬಿಚ್ಚಲು ಕಲಿತವನು ಈ ಎರಡನೆಯ ಲೆಕ್ಕದಲ್ಲಿರುತ್ತಾನೆ. ಈಗಾಗಲೇ ಕಸುಬು ಬಲ್ಲವನನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಕೌಶಲ್ಯ ವಿಕಾಸ ಯೋಜನೆಯಲ್ಲಿ ಆರಂಭದಿಂದಲೂ ಇತ್ತು. ಇದಕ್ಕೆ ತಿಂಗಳ ರಜೆ ಬೇಕಿಲ್ಲ, ಕೆಲವು ದಿನ ಸಾಕು. ಬ್ಯಾಂಕಿನಲ್ಲಿ, ವಿದೇಶದ ವೀಸಾದಲ್ಲಿ, ಟೆಂಡರಿನಲ್ಲಿ ಆ ಕಾಗದಕ್ಕೆ ಬೆಲೆಯಿದೆ. ಕಾಗದ ಇಲ್ಲದ ಕಾರಣಕ್ಕೆ ಗಲ್ಫ್‌ನಲ್ಲಿ ಮೇಸ್ತ್ರಿಯ ಕೆಲಸ ಮಾಡಿ ಹೆಲ್ಪರ್‌ನ ಸಂಬಳ ಪಡೆದವರು ನಮ್ಮ ಪ್ರತಿ ಊರಲ್ಲೂ ಸಿಗುತ್ತಾರೆ.

ಸರಕಾರದ ಲೋಪವನ್ನು ಇಷ್ಟು ಹೇಳಿದ ಮೇಲೆ ಮಾತು ನಮ್ಮತ್ತ ಹೊರಳಲೇಬೇಕು. ಹದಿನೆಂಟು ಸಾವಿರದ ಆ ಪ್ರಶ್ನೆ ಸರಕಾರ ಭತ್ತೆ ಕೊಡುವ ವರೆಗೆ ಕಾಯಬೇಕೇ?

ಅಬೂದಾವೂದ್ ಸಂಗ್ರಹದಲ್ಲಿರುವ ಒಂದು ಘಟನೆಯನ್ನು ಶುಕ್ರವಾರದ ಪ್ರವಚನಗಳಲ್ಲಿ ನಾವು ಅನೇಕ ಬಾರಿ ಕೇಳಿದ್ದೇವೆ. ಅನ್ಸಾರಿಯೊಬ್ಬರು ಪ್ರವಾದಿ(ಸ)ಯವರ ಬಳಿ ನೆರವು ಯಾಚಿಸಿ ಬರುತ್ತಾರೆ. ಮನೆಯಲ್ಲೇನಿದೆ ಎಂದು ಪ್ರವಾದಿ(ಸ) ಕೇಳುತ್ತಾರೆ. ಹೊದೆಯುವ ಒಂದು ಬಟ್ಟೆ, ನೀರು ಕುಡಿಯುವ ಒಂದು ಪಾತ್ರೆ. ಅವೆರಡನ್ನೂ ತರಿಸಿ ಸಭೆಯಲ್ಲೇ ಹರಾಜು ಹಾಕುತ್ತಾರೆ. ಎರಡು ದಿರ್ಹಮ್ ಸಿಗುತ್ತದೆ. ಆ ಬಳಿಕದ ಹಂಚಿಕೆಯನ್ನು ಗಮನಿಸಬೇಕು. ಒಂದು ದಿರ್ಹಮ್‌ನಿಂದ ಮನೆಯವರಿಗೆ ಆಹಾರ ಕೊಂಡೊಯ್ಯಲು ಹೇಳುತ್ತಾರೆ. ಇನ್ನೊಂದರಿಂದ ಕೊಡಲಿ ತರಲು ಹೇಳಿ, ಅದಕ್ಕೆ ತಾವೇ ಹಿಡಿ ಜೋಡಿಸಿ ಕೊಡುತ್ತಾರೆ. ಸೌದೆ ಕಡಿದು ಮಾರು, ಹದಿನೈದು ದಿನ ನಿನ್ನನ್ನು ಕಾಣಬಾರದು ಎಂದು ಕಳುಹಿಸುತ್ತಾರೆ. ಆತ ಹತ್ತು ದಿರ್ಹಮ್‌ನೊಂದಿಗೆ ಮರಳಿ ಬರುತ್ತಾನೆ. ಭಿಕ್ಷೆ ಬೇಡಬಾರದು ಎಂಬುದಕ್ಕೆ ದೃಷ್ಟಾಂತವಾಗಿ ಇದನ್ನು ಹೇಳಿ ನಮ್ಮ ಪ್ರವಚನಕಾರರು ಮುಂದೆ ಸಾಗುತ್ತಾರೆ. ಆದರೆ ಕೊಡಲಿಗಿಂತ ಮೊದಲು ಮನೆಯ ಆಹಾರದ ವ್ಯವಸ್ಥೆಯಾಯಿತು ಎಂಬುದನ್ನು ಯಾರೂ ಎತ್ತಿ ಹೇಳುವುದಿಲ್ಲ. ಹದಿನೈದು ದಿನದ ಬಳಿಕ ವಿಚಾರಿಸಿಕೊಂಡದ್ದನ್ನೂ ಹೇಳುವುದಿಲ್ಲ. ನಮ್ಮ ಯೋಜನೆಗಳಲ್ಲಿ ಇಲ್ಲದ್ದು ಈ ಎರಡೇ.

ಪ್ರತಿ ರಮಝಾನ್‌ನಲ್ಲಿ ಝಕಾತ್‌ನ ಹೆಸರಲ್ಲಿ ಏನು ನಡೆಯುತ್ತದೆ ಎಂಬುದನ್ನು ವರ್ಣಿಸುವುದು ನೋವಿನ ವಿಷಯ. ಅನುಕೂಲಸ್ಥರ ಗೇಟಿನ ಮುಂದೆ ಬುರ್ಖಾಧಾರಿ ಮಹಿಳೆಯರ ಸರದಿ, ಕೈಗೆ ನೂರು ಅಥವಾ ಐನೂರರ ನೋಟು, ಒಂದು ಸೀರೆ. ಆ ನೋಟು ಹಬ್ಬದ ಮುಂಚೆಯೇ ಮುಗಿಯುತ್ತದೆ. ಮುಂದಿನ ವರ್ಷ ಅದೇ ಸರದಿ, ಅದೇ ಮುಖಗಳು. ಸಾಮೂಹಿಕವಾಗಿ ಸಂಗ್ರಹಿಸಿ ವರ್ಷಕ್ಕೆ ಐದು ಕುಟುಂಬಗಳನ್ನು ಮಾತ್ರ ಆರಿಸಿದರೆ? ಐದು ಮಂದಿ ತರಬೇತಿಗೆ ಹೋಗುತ್ತಾರೆ, ಆ ಒಂದು ತಿಂಗಳು ಅವರ ಮನೆಯ ಅಕ್ಕಿ, ಹಾಲು, ಔಷಧಿ, ಮಕ್ಕಳ ಶುಲ್ಕದ ಹೊಣೆ ಜಮಾಅತ್‌ನದ್ದು. ಒಟ್ಟು ಖರ್ಚು 90 ಸಾವಿರದ ಆಸುಪಾಸು. ಸಕಲೇಶಪುರದ ಸಾಧಾರಣ ಮದುವೆಯೊಂದರ ಊಟದ ಖರ್ಚು ಇದಕ್ಕಿಂತ ಹೆಚ್ಚು. ಹಕ್ಕುದಾರ ಬಡವನೇ ಆಗಿರುವುದರಿಂದ ಇಲ್ಲಿ ಫತ್ವಾದ ತೊಡಕೂ ಇರಲಾರದು. ಸಂದೇಹವಿದ್ದವರು ತಮ್ಮೂರಿನ ಉಲಮಾಗಳನ್ನು ಕೇಳಿಕೊಳ್ಳಲಿ. ಆದರೆ ಕೇಳುವುದನ್ನೇ ಮುಂದೂಡುವುದು ಬೇಡ.

ಮಹಿಳೆಯರ ವಿಷಯಕ್ಕೆ ಬಂದರೆ ಸರಕಾರವೂ ಸಮುದಾಯವೂ ಒಂದೇ ಉತ್ತರ ಇಟ್ಟುಕೊಂಡಿವೆ: ಹೊಲಿಗೆ. ವಿಧವೆಗೆ ಹೊಲಿಗೆ ಯಂತ್ರ, ವಿಚ್ಛೇದಿತೆಗೆ ಹೊಲಿಗೆ ಯಂತ್ರ, ಸಂಘಟನೆಯ ವಾರ್ಷಿಕೋತ್ಸವಕ್ಕೆ ಹತ್ತು ಹೊಲಿಗೆ ಯಂತ್ರ. ಒಂದೇ ಬೀದಿಯಲ್ಲಿ ಎಂಟು ಮಂದಿ ಹೊಲಿಯುವವರಾದರೆ ಹೊಲಿಸುವವರು ಯಾರು? ಎಷ್ಟೋ ಮನೆಗಳಲ್ಲಿ ಆ ಯಂತ್ರದ ಮೇಲೆ ಈಗ ಮಡಚಿದ ಬಟ್ಟೆ ಇದೆ. ಬಿ.ಕಾಂ. ಮುಗಿಸಿ ಮದುವೆಯಾಗಿ ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಕುಳಿತಿರುವ ನಮ್ಮ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಲೆಕ್ಕಪತ್ರದ ತರಬೇತಿ ಕೊಡಿಸಿದರೆ ಊರಿನ ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯಬಲ್ಲರು. ಅದಕ್ಕೆ ಮನೆಯ ಒಂದು ಕೋಣೆ ಸಾಕು. ಆಲೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಗೆ ಆ ಪ್ರಯಾಣಕ್ಕೂ ಖರ್ಚಿಲ್ಲ. ಇನ್ನುಳಿದಿರುವುದು ಮನೆಯವರ ಅನುಮತಿ. ಯಸಳೂರಿನ ಮಹಿಳೆಯ ಕಷ್ಟ ಬೇರೆ, ಅಲ್ಲಿಗೆ ಸಂಜೆ ಮರಳಿ ಬರುವ ಬಸ್ಸು ಸಿಗಬೇಕಲ್ಲ.

ತರಬೇತಿ ಮುಗಿದ ಮೇಲೆ ಬರುವ ಪ್ರಶ್ನೆ ಬಂಡವಾಳದ್ದು. ಇಲ್ಲಿ ಧರ್ಮನಿಷ್ಠ ಕುಟುಂಬಗಳು ಎದುರಿಸುವ ಸಂದಿಗ್ಧವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ವಿಶ್ವಕರ್ಮದ ಸಾಲಕ್ಕೆ ಶೇ. 5ರ ಬಡ್ಡಿಯಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಬಹುಕಾಲದಿಂದ ನಡೆಸಿಕೊಂಡು ಬಂದಿರುವ ಶ್ರಮಶಕ್ತಿ ಯೋಜನೆಯಲ್ಲಿ 50 ಸಾವಿರದ ವರೆಗಿನ ಸಾಲಕ್ಕೆ ಶೇ. 4ರ ದರವಿದ್ದು, ಅರ್ಧವನ್ನು ಗಡುವಿನೊಳಗೆ ಮರಳಿಸಿದರೆ ಉಳಿದರ್ಧ ಸಹಾಯಧನವಾಗುತ್ತದೆ. ಬಡ್ಡಿ ಎಂಬ ಕಾರಣಕ್ಕೆ ಇವೆರಡನ್ನೂ ದೂರವಿಡುವವರಿದ್ದಾರೆ, ಅವರ ನಿಷ್ಠೆಯನ್ನು ಗೌರವಿಸೋಣ. ಆದರೆ ಅದೇ ಕುಟುಂಬದ ಮಹಿಳೆ ವಾರದ ಕಂತಿನ ಸಂಘದ ಸಾಲದಲ್ಲಿ, ಗಂಡಸು ಮೀಟರ್ ಬಡ್ಡಿಯಲ್ಲಿ ಸಿಲುಕಿರುವುದನ್ನು ಏನೆನ್ನಬೇಕು? ಸಾಲ ವಸೂಲಿಯ ದೌರ್ಜನ್ಯ ಎಷ್ಟಕ್ಕೆ ಮುಟ್ಟಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬಡ್ಡಿ ಹರಾಮ್ ಎಂದು ಹೇಳುವುದು ಸುಲಭ. ಹಾಗೆ ಹೇಳಿದ ಮೇಲೆ ಬಡ್ಡಿರಹಿತವಾಗಿ ಇಪ್ಪತ್ತು ಸಾವಿರ ಕೊಡುವ ಒಂದು ನಿಧಿ ಅದೇ ಮಸೀದಿಯ ಪಕ್ಕದಲ್ಲಿ ಇರಬೇಕು. ವೆಲ್ಡಿಂಗ್ ಯಂತ್ರಕ್ಕೆ, ರಿವೈಂಡಿಂಗ್ ಸಲಕರಣೆಗೆ ಅದಕ್ಕಿಂತ ಹೆಚ್ಚೇನೂ ಬೇಕಾಗದು.

ಹಾಸನದ ಸಂಸ್ಥೆಯಲ್ಲಿ ಮುಂದಿನ ತಂಡಗಳು ಯಾವಾಗ, ಯಾವ ಕಸುಬಿಗೆ ಎಂಬುದನ್ನು ಒಬ್ಬರು ಹೋಗಿ ಕೇಳಿ ಬಂದರೆ ಸಾಕು, ಅದನ್ನು ಶುಕ್ರವಾರದ ನಮಾಝ್‌ನ ಬಳಿಕ ಓದಿ ಹೇಳಬಹುದು, ಫಲಕದಲ್ಲಿ ಬರೆಯಬಹುದು. ಹೆಸರು ಕೊಡುವವರು ಮುಂದೆ ಬರಲು ನಾಚಿಕೊಳ್ಳುತ್ತಾರೆ, ನಲವತ್ತರ ಹೊತ್ತಿಗೆ ವಿದ್ಯಾರ್ಥಿಯಾಗುವುದು ಯಾರಿಗೂ ಸುಲಭವಲ್ಲ. ಆದ್ದರಿಂದ ಮನೆಗೇ ಹೋಗಿ ಕೇಳುವುದು ಒಳ್ಳೆಯದು. ಕೇಳುವಾಗ ಗಂಡನಲ್ಲಿ ಮಾತ್ರ ಕೇಳಬೇಡಿ. ಮನೆಗೆ ತಿಂಗಳಿಗೆ ಎಷ್ಟು ಅಕ್ಕಿ ಬೇಕು ಎಂಬುದು ಪತ್ನಿಗೆ ಹೆಚ್ಚು ಸರಿಯಾಗಿ ಗೊತ್ತಿರುತ್ತದೆ. ಆಧಾರ್‌ನಲ್ಲಿ ಹೆಸರು ಒಂದು, ಪಡಿತರ ಚೀಟಿಯಲ್ಲಿ ಇನ್ನೊಂದು ಎಂಬ ತೊಂದರೆ ನಮ್ಮ ಮನೆಗಳಲ್ಲಿ ಸಾಮಾನ್ಯ. ಅದನ್ನು ಮೊದಲೇ ಸರಿಪಡಿಸಿಕೊಂಡು ಹೋಗಲಿ. ಇಲ್ಲದಿದ್ದರೆ ಒಂದು ದಿನದ ಕೂಲಿ ಕಳೆದುಕೊಂಡು ಬರಿಗೈಯಲ್ಲಿ ಮರಳಬೇಕಾದೀತು.